ಟೈಪ್‌ರೈಟರಿನ ಹಿಡಿಗೆ ನೇತುಹಾಕಿದ ಬಳೆಗಳು

ಕೆಲಸಕ್ಕೆ ಕೂರುವ ಮೊದಲು ಮೇಡಂ ತಮ್ಮ ಬಳೆಗಳನ್ನು ತೆಗೆಯುತ್ತಿದ್ದರು. ಎಡಗೈಯವು ಮೊದಲು, ಆಮೇಲೆ ಬಲಗೈಯವು. ಗಾಜಿನವು, ಚಿನ್ನದವು ಎಂಬ ಭೇದವಿರಲಿಲ್ಲ. ತೆಗೆದದ್ದನ್ನೆಲ್ಲ ಪಕ್ಕದ ಸ್ಟೂಲಿನ ಮೇಲಿದ್ದ ಹಳೆಯ ಕನ್ನಡ ಟೈಪ್‌ರೈಟರಿನ ಹಿಡಿಗೆ, ಒಂದು ಸಾಲು ಮುಗಿದಾಗ ತಳ್ಳುತ್ತೇವಲ್ಲ ಆ ಹಿಡಿಗೆ, ನೇತುಹಾಕುತ್ತಿದ್ದರು. ಬಳೆಯಿದ್ದ ಜಾಗದಲ್ಲಿ ಮಣಿಕಟ್ಟಿನ ಸುತ್ತ ಚರ್ಮ ಬಿಳಿಚಿಕೊಂಡಿರುತ್ತಿತ್ತು. ಹಿಂದುಗಡೆ ರೈಲು ಹಾದುಹೋದಾಗ ಆ ಬಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಬಿಚ್ಚಿದ ಕಂಪ್ಯೂಟರನ್ನು ಮುಚ್ಚಿ, ಕೊನೆಯ ಸ್ಕ್ರೂ ಬಿಗಿದು, ಪರದೆಯ ಮೇಲೆ ಬೆಳಕು ಬಂದ ಮೇಲೆಯೇ ಅವು ಮತ್ತೆ ಕೈ ಸೇರುತ್ತಿದ್ದದ್ದು. ಸಲೀಸಾಗಿ ತೆಗೆಯಲು ಬರಲಿ ಎಂದು ತಮ್ಮ ಅಳತೆಗಿಂತ ಒಂದು ಅಳತೆ ದೊಡ್ಡ ಬಳೆಯನ್ನೇ ಕೊಳ್ಳುತ್ತಿದ್ದರು.

ಮೇಡಂ ಅಂದರೆ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದವರು. ನನ್ನ ತವರು ಹಾರನಹಳ್ಳಿ. ಪಿಯುಸಿ ಮುಗಿಸಿ, ಮುಂದೇನು ಎಂದು ಮನೆಯವರು ಮುಖಮುಖ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ಟೆಂಪೋ ಹತ್ತಿ ಅವರ ಹತ್ತಿರ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಅಲ್ಲಿ ಹೆಣ್ಣುಮಕ್ಕಳೂ ಬಾಗಿಲಲ್ಲೇ ಬಳೆ ತೆಗೆದಿಟ್ಟು ಒಳಗೆ ಬರಬೇಕಿತ್ತು. "ನಿಮ್ಮ ಬಳೆ ಸದ್ದಿನಲ್ಲಿ ನಂಗೆ ನಿಮ್ಮ ತಪ್ಪು ಕೇಳ್ಸಲ್ಲ ಕಣ್ರೇ" ಅನ್ನುತ್ತಿದ್ದರು. ನಿಜಕ್ಕೂ ಅವರು ತಪ್ಪನ್ನು ಕಿವಿಯಿಂದಲೇ ಹಿಡಿಯುತ್ತಿದ್ದರು. ಬೆನ್ನು ಹಾಕಿ ನಿಂತಿದ್ದವರು ತಟ್ಟನೆ ತಿರುಗಿ ತಪ್ಪು ಮಾಡಿದವಳ ಮುಖವನ್ನೇ ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ಆ ನೋಟಕ್ಕಿಂತ ಬೈಗುಳವೇ ಎಷ್ಟೋ ವಾಸಿ ಅನ್ನಿಸುತ್ತಿತ್ತು.

ಟೈಪ್‌ರೈಟರುಗಳ ಕಾಲ ಮುಗಿಯಿತು. ಇದ್ದ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದ ಮೇಡಂ ಒಂದನ್ನು ಮಾತ್ರ ಉಳಿಸಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿ ಮನೆಯಲ್ಲಿ ಕೂರುತ್ತಿದ್ದರು. ಯಜಮಾನರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು, ಕೂತು ಉಣ್ಣಬಹುದಿತ್ತು. ಮೇಡಂಗೆ ಕೂರುವ ಜಾಯಮಾನವೇ ಇರಲಿಲ್ಲ. ಶಾಲೆಗೆಂದು ತಂದ ಕಂಪ್ಯೂಟರು ಕೆಟ್ಟಾಗಲೆಲ್ಲ ರಿಪೇರಿಯವನ ದಾರಿ ಕಾದು ಕಾದು ರೇಗಿ, ಒಂದು ದಿನ ತಾವೇ ಬಿಚ್ಚಿ ಕೂತರು. ಅಲ್ಲಿಂದ ಶುರುವಾಗಿ, ಬಿಡಿಭಾಗ ತರಿಸಿ ಹೊಸ ಕಂಪ್ಯೂಟರನ್ನೇ ಜೋಡಿಸಿಕೊಡುವ ಮಟ್ಟಕ್ಕೆ ಬಂದರು. ಊರಲ್ಲಿ ಜನ ಅವರನ್ನು ಕೊನೆತನಕ ಟೈಪಿಂಗ್ ಮೇಡಂ ಅಂತಲೇ ಕರೆದರು.

ಅವರ ಕೆಲಸದ ಕ್ರಮ ನೋಡಬೇಕಿತ್ತು. ಹೊಸ ಬಿಡಿಭಾಗಗಳನ್ನು ನೇರವಾಗಿ ಕ್ಯಾಬಿನೆಟ್ಟಿನೊಳಗೆ ಹಾಕುತ್ತಿರಲಿಲ್ಲ. ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಡಬ್ಬದ ಮೇಲೆಯೇ ಮಲಗಿಸಿ, ಪ್ರೊಸೆಸರ್ ಕೂರಿಸಿ, ಮೆಮೊರಿ ಸಿಕ್ಕಿಸಿ, ಕಡೆಗೆ ಗ್ರಾಫಿಕ್ಸ್ ಕಾರ್ಡು ಹಚ್ಚಿ, ಎಲ್ಲವೂ ಬಯಲಲ್ಲೇ ಓಡುವುದನ್ನು ಗಂಟೆಗಟ್ಟಲೆ ನೋಡುತ್ತಿದ್ದರು. "ಹೊರಗೆ ನೆಟ್ಟಗೆ ನಡೀದೇ ಇರೋದು ಒಳಗೆ ಹೋಗಿ ಏನು ನಡಿಯುತ್ತೆ?" ಎಂಬುದು ಅವರ ಮಾತು. ಗಿರಾಕಿಗಳನ್ನು ಗದರುವುದರಲ್ಲೂ ಅವರದ್ದು ಎತ್ತಿದ ಕೈ. ಬಿಕ್ಕೋಡಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಒಮ್ಮೆ ಮೊಳದುದ್ದದ ಗ್ರಾಫಿಕ್ಸ್ ಕಾರ್ಡು ತಂದು, ಅದು ಕ್ಯಾಬಿನೆಟ್ಟಿನಲ್ಲಿ ಹಿಡಿಸದಿದ್ದಾಗ ಒಳಗಿನ ತಗಡು ಕತ್ತರಿಸಿಕೊಡಿ ಎಂದು ಕೂತರು. "ಕಾಲು ನೋಡಿ ಚಪ್ಪಲಿ ತಗೋಬೇಕು ಕಣ್ರೀ, ಚಪ್ಪಲಿ ತಗೊಂಡು ಕಾಲು ಕುಯ್ಕೊಳೋದಲ್ಲ" ಎಂದು ಕಾರ್ಡನ್ನು ಅವರ ಕೈಗೇ ವಾಪಸು ಇಟ್ಟರು. ಸಣ್ಣ ಪವರ್ ಸಪ್ಲೈಗೆ ದೊಡ್ಡ ಕಾರ್ಡು ಹಾಕಿ, ಆಟ ಶುರು ಮಾಡಿದ ಕೂಡಲೇ ಆಫ್ ಆಗುತ್ತೆ ಎಂದು ಬರುವವರಿಗೆ, "ಹುಲ್ಲು ಹಾಕ್ದೆ ಹಾಲು ಕೇಳ್ತೀರಲ್ರೀ!" ಅನ್ನುತ್ತಿದ್ದರು.

ನನಗೂ ಒಮ್ಮೆ ಚೆನ್ನಾಗಿ ಬಿತ್ತು. ಮದುವೆಯಾಗಿ ಹಗರೆಗೆ ಬಂದ ಮೇಲೆ ನಾನು ಮನೆಯಲ್ಲೇ ಮದುವೆ ಆಲ್ಬಂ ಡಿಸೈನ್ ಮಾಡುವ ಕೆಲಸ ಹಿಡಿದಿದ್ದೆ. ಬೇಲೂರು, ಹಳೇಬೀಡಿನ ಸ್ಟುಡಿಯೋದವರು ಫೋಟೊ ಕಳಿಸುತ್ತಿದ್ದರು. ಆಮೇಲೆ ವಿಡಿಯೋ ಎಡಿಟಿಂಗೂ ಸೇರಿಕೊಂಡಿತು. ಮೇಡಂ ಹತ್ತಿರ ಕೇಳಿದರೆ ತಡ ಮಾಡುತ್ತಾರೆ, ಹತ್ತು ಪ್ರಶ್ನೆ ಕೇಳುತ್ತಾರೆ ಎಂದು ನಾನೇ ಜಾಣತನ ತೋರಿಸಿ ಮದರ್‌ಬೋರ್ಡು, ಪ್ರೊಸೆಸರ್ ಎರಡನ್ನೂ ಆನ್‌ಲೈನಿನಲ್ಲಿ ತರಿಸಿಕೊಂಡೆ. ಬೋರ್ಡು ಅದೇ ಕಂಪನಿಯ ಪ್ರೊಸೆಸರಿಗೆಂದೇ ಮಾಡಿದ್ದು. ಪ್ರೊಸೆಸರ್ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತು. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಗೇ ಇತ್ತು. ಮೂಟೆ ಕಟ್ಟಿಕೊಂಡು ಅರಸೀಕೆರೆ ಬಸ್ಸು ಹತ್ತಿದೆ.

ಮೇಡಂ ಬಳೆ ತೆಗೆದು ನೇತುಹಾಕಿದರು. ಕ್ಯಾಬಿನೆಟ್ಟಿನ ತಗಡು ಮುಟ್ಟಿ ಮೈಯಲ್ಲಿ ಕೂಡಿದ ಸಣ್ಣ ಕರೆಂಟು ಇಳಿಸಿಕೊಂಡರು, ಇಲ್ಲದಿದ್ದರೆ ಅದು ಬೋರ್ಡನ್ನು ಸುಡುತ್ತದೆ. ಹೊಸಬರು ಅದನ್ನು ನೋಡಿದರೆ ಯಂತ್ರಕ್ಕೆ ನಮಸ್ಕಾರ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಆಮೇಲೆ ಎಲ್ಲವನ್ನೂ ಬಿಚ್ಚಿ ಹರಡಿದರು. "ಮೊದಲು ಎಲ್ಲಾ ತೆಗಿಬೇಕು. ಆಮೇಲೆ ಒಂದೊಂದೇ ಸೇರಿಸ್ತಾ ಬರಬೇಕು. ಯಾವುದು ಸೇರಿದ ಮೇಲೆ ಕೆಡ್ತದೋ ಅದೇ ಕಳ್ಳ" ಎನ್ನುತ್ತ ಗ್ರಾಫಿಕ್ಸ್ ಕಾರ್ಡು ಬದಲಿಸಿ ನೋಡಿದರು, ಮೆಮೊರಿ ಬದಲಿಸಿ ನೋಡಿದರು. ಕೊನೆಗೆ ಪ್ರೊಸೆಸರನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು, ಅದರ ಬೆನ್ನಿನ ಅಕ್ಷರ ಓದಿ ನಕ್ಕುಬಿಟ್ಟರು.

"ಈ ಬೋರ್ಡು ಅಂಗಡಿ ಸೇರಿದ ಮೇಲೆ ಹುಟ್ಟಿರೋ ಪ್ರೊಸೆಸರ್ ಕಣೇ ಇದು. ಬೋರ್ಡಿಗೆ ಇದರ ಗುರುತೇ ಇಲ್ಲ."

"ಸರಿಯಾಗಿ ಕೂತಿತಲ್ಲ ಮೇಡಂ?"

"ಕೂತ ಮಾತ್ರಕ್ಕೆ ಹೊಂದಿತು ಅಂದ್ಕೊಂಡ್ಯಾ? ಮದುವೆ ಫೋಟೊ ದಿನಾ ನೋಡ್ತೀಯ, ಅಷ್ಟೂ ಗೊತ್ತಾಗಲ್ವಾ?"

ಡ್ರಾಯರಿನಿಂದ ಒಂದು ಹಳೆಯ ಪ್ರೊಸೆಸರ್ ತೆಗೆದು ಅದೇ ಬೋರ್ಡಿಗೆ ಹಾಕಿದರು. ಪರದೆಗೆ ಬೆಳಕು ಬಂತು. ಪೆನ್ ಡ್ರೈವಿನಿಂದ ಬೋರ್ಡಿನ ಒಳಗಿನ ತಂತ್ರಾಂಶವನ್ನು ಹೊಸದು ಮಾಡಿ, ಹಳೆಯದನ್ನು ತೆಗೆದು, ನನ್ನದನ್ನು ಕೂರಿಸಿದರು. ಈ ಸಲ ಅದೂ ಬೆಳಗಿತು. ಆ ಹಳೆಯ ಪ್ರೊಸೆಸರಿಗೆ ಅವರು ಇಟ್ಟಿದ್ದ ಹೆಸರು ದಲ್ಲಾಳಿ. "ಎರಡೂ ಕಡೆಯವರಿಗೆ ಪರಿಚಯ ಮಾಡ್ಸಿ ಎದ್ದು ಹೋಗ್ತಾನೆ, ಪಾಪ, ಊಟಕ್ಕೂ ನಿಲ್ಲಲ್ಲ" ಎಂದು ಅದನ್ನು ಒರೆಸಿ ಡ್ರಾಯರಿಗೆ ಹಾಕಿದರು. ಅಂದು ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಇನ್ನುಮುಂದೆ ನಿಮ್ಮನ್ನು ಕೇಳದೆ ಒಂದು ಸ್ಕ್ರೂವನ್ನೂ ಕೊಳ್ಳುವುದಿಲ್ಲ ಎಂದು ಮಾತು ಕೊಟ್ಟು ಬಂದೆ.

ಆ ಮಾತನ್ನು ಉಳಿಸಿಕೊಂಡೆ. ಕೆಲವು ವರ್ಷಗಳ ನಂತರ ಕೆಲಸ ಹೆಚ್ಚಿ, ದೊಡ್ಡ ವಿಡಿಯೋಗಳಿಗೆ ಹಳೆಯ ಯಂತ್ರ ಸಾಲದಾದಾಗ ಹೊಸದನ್ನು ಪೂರ್ತಿಯಾಗಿ ಮೇಡಂಗೇ ಬಿಟ್ಟೆ. ಪ್ರೊಸೆಸರ್, ಬೋರ್ಡು, ಗ್ರಾಫಿಕ್ಸ್ ಕಾರ್ಡು ಎಲ್ಲವನ್ನೂ ಅವರೇ ಆರಿಸಿ ತರಿಸಿದರು. ತಮ್ಮ ಮೇಜಿನ ಮೇಲೆ ದಿನಗಟ್ಟಲೆ ಓಡಿಸಿ ನೋಡಿ, "ಬೆಣ್ಣೆ ಥರ ನಡೀತಿದೆ" ಎಂದು ಫೋನು ಮಾಡಿದರು. ಅವರಿಗೂ ಈ ಯಂತ್ರದ ಮೇಲೆ ಆಸೆಯಿತ್ತು. ಆನ್‌ಲೈನು ಬಂದ ಮೇಲೆ ಅವರಲ್ಲಿಗೆ ಬರುವವರು ಕಡಿಮೆಯಾಗಿದ್ದರು. ಹೊಸ ಯಂತ್ರಕ್ಕೆಂದು ನಮ್ಮ ಮನೆಯಲ್ಲಿ ಇಟ್ಟುಕೊಂಡ ಪೂಜೆಗೆ ಬೇಲೂರಿನ ಮತ್ತು ಹಳೇಬೀಡಿನ ಸ್ಟುಡಿಯೋ ಮಾಲೀಕರು ಬರುತ್ತಾರೆ, ತಮಗೂ ಇಂಥದ್ದೇ ಮಾಡಿಸುವ ಯೋಚನೆಯಲ್ಲಿದ್ದಾರೆ ಎಂದಾಗ ಮೇಡಂ ದನಿಯೇ ಬದಲಾಯಿತು. "ಒಳ್ಳೇದಾಯ್ತು ಕಣೇ. ಆ ಕಡೆ ಕೆಲಸ ಹಿಡಿದ್ರೆ ಇನ್ನೊಂದಷ್ಟು ವರ್ಷ ಈ ಬಾಗಿಲು ತೆಗೆದಿರಬೋದು" ಎಂದರು.

ಪೂಜೆ ನಮ್ಮತ್ತೆಯ ಆಸೆ. ಕೊಟ್ಟಿಗೆಯ ಪಕ್ಕ ನನ್ನ ಕೆಲಸಕ್ಕೆಂದು ಒಂದು ಕೋಣೆ ಕಟ್ಟಿಸಲು ಹಟ ಹಿಡಿದು ಮಗನನ್ನು ಒಪ್ಪಿಸಿದ್ದೂ ಅವರೇ. ಹಾಲು ಕರೆದು ಡೇರಿಗೆ ಹಾಕಿ ಜೀವ ತೇದ ಹೆಂಗಸು. ಸೊಸೆ ಕೂತಲ್ಲೇ ನಾಲ್ಕು ಕಾಸು ದುಡಿಯುತ್ತಾಳೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅವರನ್ನು ಕೆಟ್ಟವರೆಂದು ಬರೆದು ನಾನು ಪಾರಾಗುವಂತಿಲ್ಲ.

"ಮುಚ್ಚಿದ್ ಪೆಟ್ಟಿಗೆಗೆ ಎಂಥ ಪೂಜೆ? ಒಳಗ್ ಏನೈತೋ ಅದು ಒಳ್ಳೆ ಗಳಿಗೇಲಿ ಈ ಮನೇಲೇ ಕೂಡ್ಬೇಕು" ಎಂದು ಅತ್ತೆ ಹಿಡಿದ ಪಟ್ಟು ಬಿಡಲಿಲ್ಲ. ಫೋನಿನಲ್ಲಿ ಹೇಳಿದಾಗ ಮೇಡಂ ನಕ್ಕರು. "ನಿಮ್ಮತ್ತೆ ಹೇಳೋದ್ರಲ್ಲೂ ನ್ಯಾಯ ಇದೆ. ಹೊಸಿಲು ಇಡೋವಾಗ ತಾನೆ ಪೂಜೆ ಮಾಡೋದು, ಸುಣ್ಣ ಬಳಿದ ಮೇಲಲ್ಲ. ಪ್ರೊಸೆಸರ್ ಬಿಚ್ಕೊಂಡು ತರ್ತೀನಿ. ಗಳಿಗೆಗೆ ಸರಿಯಾಗಿ ಅದನ್ನ ಕೂರಿಸೋಣ" ಎಂದು ಒಪ್ಪಿದರು.

ಶುಕ್ರವಾರ ಬೆಳಿಗ್ಗೆ ಬಸ್ಸಿಳಿದು ಬಂದರು. ಕ್ಯಾಬಿನೆಟ್ಟನ್ನು ಮಣೆಯ ಮೇಲೆ ಮಲಗಿಸಿ ಬಾಗಿಲು ತೆಗೆದರು. ಎದುರಿಗೆ ದೀಪ, ಹೂವು, ತಟ್ಟೆಯಲ್ಲಿ ಅರಿಶಿನ ಕುಂಕುಮ, ಬಂದ ಮುತ್ತೈದೆಯರಿಗೆ ಕೊಡಲೆಂದು ತಂದ ಹಸಿರು ಗಾಜಿನ ಬಳೆಗಳು. ಅತ್ತೆ ಕುಂಕುಮದ ಬೆರಳನ್ನು ಬೋರ್ಡಿನ ಕಡೆಗೆ ಚಾಚಿದಾಗ ಮೇಡಂ ನಡುವೆ ಕೈಯಿಟ್ಟು, "ಅಮ್ಮಾ, ಡಬ್ಬಕ್ಕೆ ಎಷ್ಟು ಬೇಕಾದ್ರೂ ಹಚ್ಚಿ. ಒಳಗೆ ಮಾತ್ರ ಬೇಡಿ, ಪಾಪ ಅದಕ್ಕೆ ತಡ್ಕೊಳೋ ಶಕ್ತಿ ಇಲ್ಲ" ಎಂದರು. ಅತ್ತೆಯೂ ನಕ್ಕರು. ಸ್ಟುಡಿಯೋದವರಿಬ್ಬರೂ ನಕ್ಕರು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು.

ಮೇಡಂ ಬಳೆ ತೆಗೆಯಲು ಶುರು ಮಾಡಿದರು. ನೇತುಹಾಕಲು ಇಲ್ಲಿ ಟೈಪ್‌ರೈಟರು ಇರಲಿಲ್ಲವಾಗಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅತ್ತೆಯ ಮುಖ ಕಪ್ಪಿಟ್ಟಿತು.

"ಅಯ್ಯಯ್ಯೋ, ಏನವ್ವಾ ಇದು! ದೀಪ ಉರೀತೈತೆ, ಮುತ್ತೈದೆ ಬೋಳುಗೈಲಿ ಕುಂತ್ಕತಾರಾ?"

"ಕೆಲಸ ಆದ ತಕ್ಷಣ ಹಾಕ್ಕೋತೀನಿ ಅಮ್ಮಾ. ಈ ಪ್ರೊಸೆಸರ್ ಕೂರೋ ಚೌಕದೊಳಗೆ ಕೂದಲಿಗಿಂತ ಸಣ್ಣ ಪಿನ್ನುಗಳಿವೆ. ಬಳೆ ತಾಗಿದ್ರೆ ಹೋಯ್ತು" ಎಂದರು ಮೇಡಂ, ಮೆತ್ತಗೆ.

ಅತ್ತೆ ನನ್ನ ಕಡೆ ತಿರುಗಿ, "ಶುಕ್ರವಾರ ಕಣೆ. ಮನೆಗೆ ಒಳ್ಳೇದಲ್ಲ" ಎಂದರು. ಅವರ ಕಣ್ಣಲ್ಲಿ ನಿಜವಾದ ಭಯವಿತ್ತು. ಗಳಿಗೆ ಮೀರುತ್ತಿದೆ ಎಂದು ಯಾರೋ ಅಂದರು.

ಬಳೆ ಯಾಕೆ ಬೇಡ ಎಂಬುದು ಆ ಕೋಣೆಯಲ್ಲಿ ಮೇಡಂ ಬಿಟ್ಟರೆ ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ. ಅತ್ತೆಯನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಬಹುದಿತ್ತು. ದೀಪವನ್ನು ದೇವರ ಮನೆಗೆ ಸಾಗಿಸಬಹುದಿತ್ತು. ಹತ್ತು ದಾರಿಗಳು ಈಗ ಹೊಳೆಯುತ್ತವೆ. ಆಗ ಸುಲಭವಾಗಿ ಕಂಡದ್ದು ಒಂದೇ. ತಟ್ಟೆಯಿಂದ ಹಸಿರು ಬಳೆಗಳನ್ನು ಎತ್ತಿಕೊಂಡು ಮೇಡಂ ಪಕ್ಕ ಕೂತು, "ಇವತ್ತೊಂದು ದಿನ ಮೇಡಂ. ನನಗೋಸ್ಕರ" ಎಂದೆ.

ಮೇಡಂ ನನ್ನ ಮುಖ ನೋಡಿದರು. ಟೈಪಿಂಗ್ ಕ್ಲಾಸಿನಲ್ಲಿ ತಟ್ಟನೆ ತಿರುಗಿ ನೋಡುತ್ತಿದ್ದರಲ್ಲ, ಅದೇ ನೋಟ. ಎರಡೂ ಕೈ ಒಡ್ಡಿದರು. ನಾನು ತೊಡಿಸಿದೆ.

ಅವರ ಕೈ ಸಣ್ಣದು, ಬಳೆಗಳು ಸಡಿಲವಾಗಿದ್ದವು. ಬಳೆಗಳನ್ನು ಮೊಣಕೈಯ ಕಡೆಗೆ ಎಳೆದುಕೊಂಡು, ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿದರು. ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಒಂದು ಬಳೆ ಜಾರಿ ಮಣಿಕಟ್ಟು ದಾಟಿತು. ಗಾಜು ಲೋಹಕ್ಕೆ ತಾಗಿದ ಸಣ್ಣ ಸದ್ದು ಕೇಳಿಸಿತು. ಮೇಡಂ ಕೈ ಅಲ್ಲೇ ನಿಂತಿತು. ಪ್ರೊಸೆಸರನ್ನು ಪಕ್ಕಕ್ಕಿಟ್ಟು, ಚೀಲದಿಂದ ಭೂತಗನ್ನಡಿ ತೆಗೆದು ಬೋರ್ಡನ್ನು ಬಹಳ ಹೊತ್ತು ನೋಡಿದರು.

"ಇವತ್ತು ಆಗಲ್ಲ. ಪಿನ್ನು ಬಗ್ಗಿವೆ. ನನ್ನ ಕೈ ತಪ್ಪು" ಎಂದರು.

ಬೇಲೂರಿನ ಸ್ಟುಡಿಯೋದವರು ಹಳೇಬೀಡಿನವರ ಮುಖ ನೋಡಿದರು. "ವಯಸ್ಸಾಯ್ತಲ್ಲ ಮೇಡಂ, ಕೈ ನಡುಗುತ್ತೆ" ಎಂದು ಒಬ್ಬರು ಸಮಾಧಾನದ ದನಿಯಲ್ಲೇ ಹೇಳಿದರು. "ಹೂಂ, ಇರಬೋದು" ಎಂದರು ಮೇಡಂ. "ನಾನ್ ಹೇಳ್ನಿಲ್ವಾ, ಬೋಳುಗೈ ಮಾಡ್ಕಂಡಾಗ್ಲೇ ಅಂದ್ಕಂಡೆ" ಎಂದು ಅತ್ತೆ ದೀಪಕ್ಕೆ ಕೈಮುಗಿದರು. ನಾನು ಅಷ್ಟರಲ್ಲಿ ಎದ್ದು ಕೋಸಂಬರಿಯ ಪಾತ್ರೆ ಹಿಡಿದು ನಿಂತಿದ್ದೆ. ಬಳೆ ತೊಡಿಸಿದ್ದನ್ನು ಎಲ್ಲರೂ ಕಂಡಿದ್ದರು, ಆದರೆ ಕೆಟ್ಟದ್ದು ಅದರಿಂದಲೇ ಎಂದು ಬಾಯಿಬಿಟ್ಟು ಹೇಳಬೇಕಾದವಳು ನಾನು. ಒಂದೇ ಒಂದು ಮಾತು ಸಾಕಿತ್ತು. ನಾನು ಎಲೆಗಳಿಗೆ ಕೋಸಂಬರಿ ಬಡಿಸಲು ಹೋದೆ.

ಬಸ್ಸಿಗೆ ಕಾಯುವಾಗ ಹಗರೆಯ ಮುಖ್ಯರಸ್ತೆಯಲ್ಲಿ ನಾವಿಬ್ಬರೇ ಇದ್ದೆವು. ಕ್ಯಾಬಿನೆಟ್ಟಿನಿಂದ ಬಿಚ್ಚಿಕೊಂಡ ಬೋರ್ಡಿನ ಡಬ್ಬ ಮೇಡಂ ಮಡಿಲಲ್ಲಿತ್ತು, ಹಸಿರು ಬಳೆಗಳು ಇನ್ನೂ ಕೈಯಲ್ಲಿದ್ದವು.

"ನಾನು ಎಲ್ಲರಿಗೂ ಹೇಳ್ತೀನಿ ಮೇಡಂ."

"ಏನಂತ?"

"ಬಳೆ ಬಿದ್ದು ಹಂಗಾಯ್ತು, ಹಾಕ್ಕೊಳ್ಳಿ ಅಂದಿದ್ದು ನಾನು ಅಂತ."

"ಹಾಕಿದ್ದು ನೀನು, ಕೈ ಒಡ್ಡಿದ್ದು ಯಾರು? ಬೇಡ ಅನ್ನೋಕೆ ನಂಗೇನು ಬಾಯಿ ಇರಲಿಲ್ವಾ?" ಎಂದರು. "ನಿಮ್ಮತ್ತೆ ಜೊತೆ ದಿನಾ ಬಾಳೋಳು ನೀನು. ನಾನು ಬಸ್ಸು ಹತ್ತಿ ಹೋಗೋಳು. ಸುಮ್ನಿರು" ಎಂದರು.

ನಾನು ಸುಮ್ಮನಾದೆ. ಮೇಡಂ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದೆ ಎಂದು ಆಗ ಅಂದುಕೊಂಡಿದ್ದೆ. ಹೇಳದೆ ಇರಲು ನನಗೊಂದು ನೆಪ ಬೇಕಿತ್ತು, ಅದನ್ನೂ ಅವರೇ ಕೊಟ್ಟು ಹೋದರು.

ಹೊಸ ಬೋರ್ಡು ತರಿಸೋಣ ಎಂದರೆ ಅವರು ಒಪ್ಪಲಿಲ್ಲ. ಭೂತಗನ್ನಡಿಯ ಕೆಳಗೆ ಹೊಲಿಗೆಯ ಸೂಜಿ ಹಿಡಿದು ಬಗ್ಗಿದ ಪಿನ್ನುಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿದರು. "ಒಂದು ಮುರಿದೇ ಹೋಗಿದೆ ಕಣೇ. ಮೆಮೊರಿಯ ಒಂದು ಜಾಗ ಕೆಲಸ ಮಾಡಲ್ಲ. ಮಿಕ್ಕಿದ್ದೆಲ್ಲ ನಡಿಯುತ್ತೆ, ಹೆದರ್ಕೋಬೇಡ" ಎಂದು ಫೋನು ಮಾಡಿದರು. ಯಂತ್ರ ಈಗಲೂ ನಡೆಯುತ್ತಿದೆ. ಇದನ್ನು ಟೈಪ್ ಮಾಡುತ್ತಿರುವುದೂ ಅದರಲ್ಲೇ. ಧೂಳು ಹೊಡೆಯಲು ಬಾಗಿಲು ತೆಗೆದಾಗಲೆಲ್ಲ ಆ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ.

ಸ್ಟುಡಿಯೋದವರು ತಮ್ಮ ಯಂತ್ರಗಳನ್ನು ಬೇರೆ ಕಡೆ ಮಾಡಿಸಿಕೊಂಡರು. ಹಳೇಬೀಡಿನವರು ಆಲ್ಬಂ ಒಯ್ಯಲು ಬಂದಾಗ, "ಆಯಮ್ಮನ ಕೈ ಈಗ ಸರಿಯಿಲ್ಲ ಬಿಡಿ" ಎಂದರು. ಅವರಿಗೆ ಕಾಫಿ ಲೋಟ ಕೊಟ್ಟೆ. ಆ ಮಾತು ಅವರಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ದಾಟಿತು. ಈ ಕಡೆಯಿಂದ ಮೇಡಂ ಬಾಗಿಲಿಗೆ ಹೋಗುವವರೇ ಇಲ್ಲವಾದರು. ನಾನು ಹಬ್ಬಕ್ಕೆ ತವರಿಗೆ ಹೋದಾಗ ಅವರನ್ನು ನೋಡಿಕೊಂಡು ಬರುತ್ತಿದ್ದೆ. ಆ ದಿನದ ಮಾತು ಅವರು ಎಂದೂ ಎತ್ತಲಿಲ್ಲ. "ಗ್ರಾಫಿಕ್ಸ್ ಕಾರ್ಡು ಬಿಸಿ ಆಗಲ್ಲ ತಾನೆ?" ಎಂದು ಮಾತ್ರ ತಪ್ಪದೆ ಕೇಳುತ್ತಿದ್ದರು, ಮಗಳ ಮನೆಯ ಸುದ್ದಿ ಕೇಳುವ ಹಾಗೆ. ನಾನು ಹೋಗುವುದು ಬರುಬರುತ್ತ ಕಡಿಮೆಯಾಯಿತು. ಕೆಲಸ ಜಾಸ್ತಿ ಎಂದು ಹೇಳಿಕೊಂಡೆ.

ಹೋದ ಮಾಗಿಯಲ್ಲಿ ಸುದ್ದಿ ಬಂತು. ಜ್ವರ ಬಂದು ಮಲಗಿದವರು ಏಳಲಿಲ್ಲವಂತೆ. ಅತ್ತೆಯೂ ನನ್ನ ಜೊತೆ ಹೊರಟರು. "ನಮ್ಮನೇಲಿ ಎಲೆ ಮುಂದೆ ಕುಂತು ಉಂಡವ್ರು, ಬರ್ದೇ ಇದ್ರೆ ಆಯ್ತದಾ?" ಎಂದು ಬಸ್ಸಿನುದ್ದಕ್ಕೂ ಕಣ್ಣೊರೆಸಿಕೊಂಡರು.

ಮನೆಯೊಳಗೆ ಹೆಂಗಸರು ಮೇಡಂಗೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಹಣೆ ತುಂಬ ಕುಂಕುಮ ಇಟ್ಟಿದ್ದರು. "ಮುತ್ತೈದೆಯಾಗಿ ಹೋದ್ಲು, ಪುಣ್ಯವಂತೆ" ಎಂದು ಒಬ್ಬರು ಅಂದರೆ ಮಿಕ್ಕವರು ಹೌದೆನ್ನುತ್ತಿದ್ದರು. ಬಳೆ ತೊಡಿಸಬೇಕಿತ್ತು. ಅಂಗಡಿಯಿಂದ ತಂದವು ಹಿಡಿಸುತ್ತಿರಲಿಲ್ಲ, ಕೈ ಬಾತಿತ್ತು. ಗೋಡೆಗೆ ಒರಗಿ ಕೂತಿದ್ದ ಯಜಮಾನರು ನನ್ನನ್ನು ಗುರುತಿಸಿ ಹತ್ತಿರ ಕರೆದರು.

"ಅವಳ ಬಳೆ ಅಲ್ಲೇ ಟೈಪ್‌ರೈಟರ್ ಮೇಲೆ ಇರುತ್ತೆ ಕಣಮ್ಮ. ಯಾರದ್ದೋ ಕಂಪ್ಯೂಟರು ಬಿಚ್ಕೊಂಡು ಕೂತಿದ್ದೋಳು ಚಳಿ ಅಂತ ಎದ್ದು ಬಂದು ಮಲಗಿದ್ದು. ಅದನ್ನೇ ತಂದು ಹಾಕು."

ಮುಂಗೋಣೆಗೆ ಹೋದೆ. ಮೇಜಿನ ಮೇಲೆ ರಟ್ಟಿನ ಡಬ್ಬ, ಅದರ ಮೇಲೆ ಯಾರದ್ದೋ ಮದರ್‌ಬೋರ್ಡು, ಪಕ್ಕದಲ್ಲಿ ದಲ್ಲಾಳಿ. ಪರಿಚಯ ಮಾಡಿಸುವ ಕೆಲಸ ಅರ್ಧಕ್ಕೇ ನಿಂತಿತ್ತು. ಸ್ಟೂಲಿನ ಮೇಲೆ ಟೈಪ್‌ರೈಟರು, ಅದರ ಹಿಡಿಯಲ್ಲಿ ಬಳೆಗಳು. ಹಿಂದುಗಡೆ ರೈಲು ಹೋಯಿತು, ಅವು ಸದ್ದು ಮಾಡಿದವು. ಸದ್ದು ನಿಲ್ಲುವ ತನಕ ಅವನ್ನು ಮುಟ್ಟಲು ನನ್ನಿಂದ ಆಗಲಿಲ್ಲ.

ತಂದು ಮೇಡಂ ಪಕ್ಕ ಕೂತೆ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ತೊಡಿಸವ್ವ. ನಿನ್ ಗುರು ಅಲ್ವಾ, ಕೈ ತುಂಬ ಇರ್ಲಿ" ಎಂದರು.

ಆಗ ಹೇಳಿದೆ. ಸುತ್ತ ಇದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. "ಅತ್ತೆ, ಅವತ್ತು ನಮ್ಮನೇಲಿ ಕೆಟ್ಟಿದ್ದು ಇವರ ಕೈಯಿಂದ ಅಲ್ಲ. ಬೋಳುಗೈಯಿಂದಲೂ ಅಲ್ಲ. ನಾನು ತೊಡಿಸಿದ ಬಳೆ ಜಾರಿ ಬಿದ್ದು ಕೆಟ್ಟಿದ್ದು. ಇವರ ಕೈ ಯಾವತ್ತೂ ನಡುಗಿರಲಿಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈಗ್ಯಾಕವ್ವಾ ಅದು? ತೊಡಿಸು, ಹೊತ್ತಾಯ್ತದೆ."

ತೊಡಿಸಿದೆ. ಒಂದು ಅಳತೆ ದೊಡ್ಡವಾದ್ದರಿಂದ ಅವು ಆ ಬಾತ ಕೈಗೂ ತೊಡಕಿಲ್ಲದೆ ಹತ್ತಿ, ಮಣಿಕಟ್ಟಿನ ಬಿಳಿಚಿದ ಗುರುತಿನ ಮೇಲೆ ಬಂದು ಕೂತವು. ಅಂದು ಹಗರೆಯಲ್ಲಿ ನನ್ನ ಮುಖ ನೋಡುತ್ತ ಅವರೇ ಕೈ ಒಡ್ಡಿದ್ದರು. ಈ ಸಲ ಕೈಯನ್ನು ನಾನೇ ಎತ್ತಿ ಹಿಡಿಯಬೇಕಾಯಿತು.